ಹೌದು ಸ್ವಾಮಿ

ಕೋರ್ಟಿನಲ್ಲಿ ಹೇಗೆ ನಿಲ್ಲಬೇಕು, ಹೇಗೆ ಮಾತಾಡಬೇಕು ಎಂದು ನೀಲಾವತಿಗೆ ಅವಳ ಅಣ್ಣ ಭೋಜ ಮೂರು ದಿನ ಕಲಿಸಿದ.

ಕಲಿಸಲಿಕ್ಕೆ ಏನಿತ್ತು? ನಿಲ್ಲುವುದು ಆ ಮನೆಯವರಿಗೆ ಹುಟ್ಟಿನಿಂದ ಬಂದ ವಿದ್ಯೆ. ಅವರ ಅಪ್ಪ ಧನಿಗಳ ಮೂಲದಾಳು, ತಲೆಮಾರಿನಿಂದ ಜೀತಕ್ಕಿದ್ದವ. ಧನಿಗಳ ಅಂಗಳ ಹತ್ತುವ ಹಾಗಿಲ್ಲ. ಕೆಳಗೆ, ಗೊಬ್ಬರದ ಗುಂಡಿಯ ಪಕ್ಕ, ಮುಂಡಾಸು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ನಿಲ್ಲಬೇಕು. ಕೇಳಿದ್ದಕ್ಕೆಲ್ಲ ‘ಅಂದ್ ಧನಿ’ ಎನ್ನಬೇಕು. ಹೌದು ಧನಿ. ಗದ್ದೆ ಉತ್ತಾಯಿತಾ? ಅಂದ್ ಧನಿ. ತೆಂಗಿನಕಾಯಿ ಕದ್ದದ್ದು ನೀನೇ ಏನೋ? ಅಂದ್ ಧನಿ. ಕದ್ದಿರದಿದ್ದರೂ ಅಂದ್ ಧನಿ. ಇಲ್ಲ ಎಂದು ಶುರು ಮಾಡಿದರೆ ಎರಡು ಏಟು ಹೆಚ್ಚು. ಭೂಮಸೂದೆ ಬಂತು, ಧನಿಗಳ ಗದ್ದೆ ಗೇಣಿಯವರಿಗೆ ಹೋಯಿತು, ಮೂಲದಾಳಿಗೆ ಸಿಕ್ಕಿದ್ದು ಸಿದ್ಧಕಟ್ಟೆಯ ಹತ್ತಿರದ ಗುಡ್ಡೆಯಲ್ಲಿ ಐದು ಸೆಂಟ್ಸು ಮುರಕಲ್ಲು. ಅಪ್ಪ ಅದರಲ್ಲೇ ಒಂದು ಮನೆ ಎಬ್ಬಿಸಿ ಸತ್ತ. ‘ಅಂದ್’ ಎನ್ನುವುದು ಮಾತ್ರ ಸಾಯಲಿಲ್ಲ.

ಕೋರ್ಟಿಗೆ ಹೋದದ್ದು ನೀಲಾವತಿಯಲ್ಲ, ಅವಳ ಗಂಡ ಜತ್ತಪ್ಪ. ಮಗಳು ಹೊಟ್ಟೆಯಲ್ಲಿ ಐದು ತಿಂಗಳಿರುವಾಗ ಮಸ್ಕತ್ತಿಗೆ ಹಾರಿದವ. ಆರು ವರ್ಷ ಒಂದು ಕಾಗದವಿಲ್ಲ, ಒಂದು ಫೋನಿಲ್ಲ. ತಿರುಗಿ ಬಂದವ ಮೂಡಬಿದಿರೆಯ ಹತ್ತಿರ ಟೆರೇಸಿನ ಮನೆ ಕಟ್ಟಿಸಿ, ಅದರಲ್ಲಿ ಬೇರೆ ಹೆಂಗಸನ್ನು ತಂದು ಕೂರಿಸಿದ. ಎರಡು ವರ್ಷ ಕಾದರೂ ಅವಳಿಗೆ ಮಕ್ಕಳಾಗಲಿಲ್ಲ. ಆಗ ಮಹಾಶಯನಿಗೆ ತನಗೊಬ್ಬಳು ಮಗಳಿರುವುದು ನೆನಪಿಗೆ ಬಂತು. 2004ರ ಮಳೆಗಾಲ ಮುಗಿಯುವ ಹೊತ್ತಿಗೆ ಕೋರ್ಟಿನ ಅಮೀನ ಗುಡ್ಡೆ ಹತ್ತಿ ಬಂದು ಸಮನ್ಸು ಕೊಟ್ಟು ಹೋದ. ಮಗಳು ತೃಷಾಳಿಗೆ ಆಗ ಎಂಟು ವರ್ಷ, ಮೂರನೇ ಕ್ಲಾಸು.

ತಾಯಿ ಗೇರುಬೀಜದ ಫ್ಯಾಕ್ಟರಿಯ ಕೂಲಿಯವಳು, ಅವಳ ಕೈಯಲ್ಲಿ ಮಗುವಿಗೆ ಸರಿಯಾದ ಪಾಲನೆ ಇಲ್ಲ ಎಂದು ಅರ್ಜಿಯಲ್ಲಿ ಬರೆದಿತ್ತು. ಆ ಕೈಯಲ್ಲೇ ಮಗು ಎಂಟು ವರ್ಷದ್ದಾಯಿತು ಎಂದು ಬರೆದಿರಲಿಲ್ಲ. ಅದನ್ನು ಯಾರು ಬರೆಯುತ್ತಾರೆ?

ಭೋಜ ಗೂಡ್ಸ್ ಟೆಂಪೋ ಬಿಡುತ್ತಿದ್ದ. ನಾಲ್ಕು ಜನರ ಪರಿಚಯ, ಪ್ಯಾಂಟಿನ ಜೇಬಿನಲ್ಲಿ ಪೆನ್ನು. ವಕೀಲರನ್ನು ಹುಡುಕಿದವನೂ ಅವನೇ, ಅವರ ಆಫೀಸಿಗೆ ಓಡಾಡಿದವನೂ ಅವನೇ. ನೀಲಾವತಿಯನ್ನು ಒಂದೇ ಸಲ ಕರೆದುಕೊಂಡು ಹೋಗಿದ್ದ. ವಕೀಲರು ಅವಳ ಮುಖ ನೋಡದೆ ಭೋಜನ ಹತ್ತಿರವೇ ಮಾತಾಡಿ ಮುಗಿಸಿದರು. ಕೇಸು ನಡೆಸಿದರೆ ಹತ್ತು ವರ್ಷ, ರಾಜಿ ಮಾಡಿಕೊಂಡರೆ ಒಂದೇ ದಿನ. ಮಗು ತಾಯಿಯ ಹತ್ತಿರ. ದಸರಾ ರಜೆ, ಮೇ ತಿಂಗಳ ರಜೆಯಲ್ಲಿ ಮಾತ್ರ ತಂದೆಯ ಹತ್ತಿರ. ಹೀಗೆಂದು ಭೋಜ ಬಸ್ಸಿನಲ್ಲಿ ಬಿಡಿಸಿ ಹೇಳಿದ. ನೀಲಾವತಿಗೆ ಎದೆಯ ಕಲ್ಲು ಇಳಿದ ಹಾಗಾಯಿತು. ಅಣ್ಣನೊಬ್ಬ ಇಲ್ಲದಿದ್ದರೆ ತನ್ನ ಗತಿ ಏನು ಎಂದು ಅವಳಿಗೆ ಕಣ್ಣೀರು ಬಂತು.

ಮಾರನೇ ದಿನ ಫ್ಯಾಕ್ಟರಿಯಲ್ಲಿ ಪಕ್ಕದ ಮಣೆಯ ರುಖಿಯಮ್ಮನಿಗೆ ಇದನ್ನು ಹೇಳಿದಳು. ಇಬ್ಬರೂ ಹನ್ನೆರಡು ವರ್ಷದಿಂದ ಅಕ್ಕಪಕ್ಕ ಕೂತು ಬೀಜ ಒಡೆಯುವವರು. ಹುರಿದ ಬೀಜವನ್ನು ಎಡಗೈಯಲ್ಲಿ ಕಲ್ಲಿನ ಮೇಲೆ ಹಿಡಿಯಬೇಕು, ಬಲಗೈಯ ಕೊಡತಿಯಿಂದ ಒಂದೇ ಪೆಟ್ಟು ಹಾಕಬೇಕು. ಸಿಪ್ಪೆ ಬಿರಿಯಬೇಕು, ಒಳಗಿನ ಬೀಜ ಮುರಿಯಬಾರದು. ಮುರಿದರೆ ಮೇಸ್ತ್ರಿ ತಾಯಿ ತಂದೆಯನ್ನೆಲ್ಲ ನೆನಪಿಸುತ್ತಾನೆ. ಸಿಪ್ಪೆಯ ಎಣ್ಣೆ ಬಿದ್ದಲ್ಲಿ ಚರ್ಮ ಸುಡುತ್ತದೆ. ಬೂದಿ ಹಚ್ಚಿಕೊಂಡರೂ ಸುಡುತ್ತದೆ. ಸುಟ್ಟದ್ದು ಸುಲಿದು, ಸುಲಿದಲ್ಲಿ ಮತ್ತೆ ಸುಟ್ಟು, ಬೆರಳುಗಳು ಕಪ್ಪಗೆ ದಡ್ಡುಗಟ್ಟುತ್ತವೆ. ಸಂಜೆ ಐದಕ್ಕೆ ಎದ್ದು ನಿಂತರೆ ಸೊಂಟ ಅರ್ಧದಲ್ಲೇ ನಿಲ್ಲುತ್ತದೆ, ಉಳಿದರ್ಧ ಗೇಟಿನವರೆಗೆ ನಡೆದಾಗ ನೆಟ್ಟಗಾಗುತ್ತದೆ.

"ಕಾಗದ ಓದಿಸಿ ಕೇಳಿದಿಯಾ ನೀಲಾ?" ಎಂದಳು ರುಖಿಯಮ್ಮ.

"ಅಣ್ಣ ಇದ್ದಾನಲ್ಲ. ಅವನೇ ಎಲ್ಲ ನೋಡಿಕೊಳ್ತಾನೆ."

"ಅಣ್ಣ ಇರ್ಲಿ ಮಾರಾಯ್ತಿ. ಮಗು ನಿನ್ನದಲ್ವಾ? ಶಾಲೆ ಮೇಷ್ಟ್ರ ಹತ್ರವಾದ್ರೂ ಒಂದು ಸಲ ಓದಿಸು. ನಮ್ಮಂಥವರ ಹತ್ರ ಕಾಗದ ಓದಿ ಹೇಳುವವರೆಲ್ಲ ಅರ್ಧ ಓದ್ತಾರೆ, ಅರ್ಧ ನುಂಗ್ತಾರೆ."

"ನಮ್ಮ ಮನೆಯಲ್ಲಿ ಹಾಗೆಲ್ಲ ಇಲ್ಲ" ಎಂದು ನೀಲಾವತಿ ಮುಖ ತಿರುಗಿಸಿದಳು. ಊಟದ ಗಂಟೆ ಹೊಡೆಯುವವರೆಗೆ ರುಖಿಯಮ್ಮನ ಜೊತೆ ಮಾತಾಡಲಿಲ್ಲ. ತನ್ನ ಅಣ್ಣನ ಮೇಲೆ ಸಂಶಯ ಪಡುವುದಕ್ಕೆ ಇವಳು ಯಾರು ಎಂದು ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಆದಿತ್ಯವಾರ ಮಧ್ಯಾಹ್ನ ಭೋಜ ಮನೆಯ ಅಂಗಳವನ್ನೇ ಕೋರ್ಟು ಮಾಡಿದ. ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿದ. ಅಮ್ಮ ಜಡ್ಜರು. ತೃಷಾ ಓಡಿಹೋಗಿ ಅಜ್ಜಿಯ ಹೆಗಲಿಗೆ ಕಪ್ಪು ಕೊಡೆಯ ಬಟ್ಟೆ ಹೊದಿಸಿದಳು. ಎಲ್ಲರೂ ನಕ್ಕರು.

"ನಗಾಡುದಲ್ಲ" ಎಂದ ಭೋಜ. "ಒಳಗೆ ಹೋಗುವ ಮೊದಲು ಚಪ್ಪಲಿ ಹೊರಗೆ ಬಿಡು. ಬಾಯಲ್ಲಿ ಎಲೆ ಅಡಿಕೆ ಇರ್ಬಾರ್ದು. ಜಡ್ಜರು ಬಂದಾಗ ಎಲ್ಲರೂ ಏಳ್ತಾರೆ, ನೀನೂ ಏಳು. ಕರೆದಾಗ ಮುಂದೆ ಹೋಗಿ ನಿಲ್ಲು. ತಲೆ ಬಗ್ಗಿಸು. ಹಾಂ, ಇನ್ನೂ ಸ್ವಲ್ಪ."

"ಇಷ್ಟು ಬಗ್ಗಿಸಿದ್ರೆ ಜಡ್ಜರು ಕಾಣುದು ಹೇಗೆ?"

"ನೀನು ಅವರನ್ನು ನೋಡ್ಲಿಕ್ಕೆ ಹೋಗುದಾ? ಅವರು ನಿನ್ನನ್ನು ನೋಡ್ಲಿಕ್ಕೆ ಕೂತದ್ದು."

ಅವಳು ತಲೆ ಬಗ್ಗಿಸಿದಳು. ಭೋಜ ಸುತ್ತು ಬಂದು ನೋಡಿದ. ಅವನ ಕಣ್ಣು ಅವಳ ಕೈಗಳ ಮೇಲೆ ನಿಂತಿತು.

"ಕೈಯನ್ನು ಸೆರಗಿನ ಒಳಗೆ ಇಟ್ಕೊ. ನೋಡಿದವರಿಗೆ ಅಸಹ್ಯ ಆಗ್ತದೆ. ಆಚೆ ವಕೀಲ ಅದನ್ನೇ ಎತ್ತಿ ತೋರಿಸ್ತಾನೆ. ನೋಡಿ ಸ್ವಾಮಿ, ಈ ಕೈಯಲ್ಲಿ ಮಗುವಿಗೆ ಅನ್ನ ಕಲಸಿ ಕೊಡುದು ಅಂತ."

ನೀಲಾವತಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅಣ್ಣ ಹೇಳಿದ್ದಕ್ಕಿಂತ ಹೆಚ್ಚಾಗಿ ಅದು ನಿಜ ಎನಿಸಿದ್ದು ಅವಳನ್ನು ಚುಚ್ಚಿತು. ಬೆಳಿಗ್ಗೆ ಅವನಿಗೆ ದೋಸೆ ಹೊಯ್ದು ಕೊಟ್ಟದ್ದೂ ಅದೇ ಕೈ. ದೋಸೆ ಅಸಹ್ಯವಾಗಿರಲಿಲ್ಲ.

"ಇನ್ನು ಮುಖ್ಯ ಸಂಗತಿ. ಕೇಳಿದ್ದಕ್ಕೆಲ್ಲ ‘ಹೌದು ಸ್ವಾಮಿ.’ ಬೇರೆ ಒಂದಕ್ಷರ ಇಲ್ಲ. ವಕೀಲರು ಹೇಳಿದ್ದು ಇದು. ರಾಜಿ ಕಾಗದದಲ್ಲಿ ಎಲ್ಲ ಬರೆದು ಆಗಿದೆ. ನೀನು ಮಧ್ಯದಲ್ಲಿ ಬಾಯಿ ಹಾಕಿದ್ರೆ ಜಡ್ಜರಿಗೆ ಸಿಟ್ಟು ಬರ್ತದೆ, ಮಗು ಕೈ ತಪ್ತದೆ. ಗೊತ್ತಾಯ್ತಾ?"

"ಗೊತ್ತಾಯ್ತು. ಹೆಬ್ಬೆಟ್ಟು ಹಾಕ್ಲಿಕ್ಕೆ ಇಲ್ವಾ?"

"ಅದು ಕೊನೆಗೆ. ಜಡ್ಜರ ಎದುರಿಗೇ. ಅಮ್ಮ, ನೀವು ಕೇಳಿ ಈಗ. ಒಪ್ಪಿಗೆ ಉಂಟಾ ಅಂತ ಕೇಳಿ."

ಅಮ್ಮ ಕೇಳಲಿಲ್ಲ. ಭೋಜ ಇನ್ನೊಮ್ಮೆ ಹೇಳಿದ. ಅಮ್ಮ ನೆಲ ನೋಡುತ್ತ, "ಒಪ್ಪಿಗೆ ಉಂಟಾ?" ಎಂದಳು.

"ಹೌದು ಸ್ವಾಮಿ" ಎಂದಳು ನೀಲಾವತಿ.

ತೃಷಾ ಚಪ್ಪಾಳೆ ತಟ್ಟಿದಳು. ಅಮ್ಮ ಮಾತ್ರ ಹೆಗಲ ಮೇಲಿದ್ದ ಕಪ್ಪು ಬಟ್ಟೆಯನ್ನು ಎಳೆದು ಹಾಕಿ, "ಗಂಜಿ ಉಕ್ಕಿತೋ ಏನೋ" ಎಂದು ಒಳಗೆ ಹೋದಳು. ಒಲೆಯಲ್ಲಿ ಆಗ ಗಂಜಿಯೇ ಇರಲಿಲ್ಲ ಎಂದು ನೀಲಾವತಿಗೆ ಹೊಳೆದದ್ದು ಬಹಳ ತಡವಾಗಿ.

ಬುಧವಾರ ಕುಟುಂಬದ ಕೇಸುಗಳ ದಿನ. ನಾಲ್ವರೂ ಏಳು ಗಂಟೆಯ ಬಸ್ಸು ಹಿಡಿದರು. ತೃಷಾಳಿಗೆ ಮಾವ ತಂದ ಹೊಸ ಫ್ರಾಕು. ಅಮ್ಮನ ಕಾಲ ಬುಡದಲ್ಲಿ ಒಂದು ಚೀಲ.

"ಎಂತದಮ್ಮ ಇಷ್ಟು ದೊಡ್ಡ ಚೀಲ?"

"ಮಗುವಿನ ಬಟ್ಟೆ. ಬಸ್ಸಿನಲ್ಲಿ ವಾಂತಿ ಮಾಡಿದ್ರೆ ಇರ್ಲಿ ಅಂತ."

ತೃಷಾ ಬಸ್ಸಿನಲ್ಲಿ ವಾಂತಿ ಮಾಡುವವಳಲ್ಲ. ನೀಲಾವತಿಗೆ ಅದು ಗೊತ್ತು. ಆದರೂ ಸುಮ್ಮನಾದಳು. ಅವಳ ಬಾಯಲ್ಲಿ ‘ಹೌದು ಸ್ವಾಮಿ’ ಉರುಳುತ್ತಿತ್ತು, ತಪ್ಪಿ ಹೋದೀತೆಂದು ಬೇರೆ ಮಾತು ಆಡಲು ಹೆದರಿಕೆ.

ಕೋರ್ಟಿನ ಜಗಲಿಯಲ್ಲಿ ಜನವೋ ಜನ. ಗಂಡಂದಿರು ಒಂದು ಕಡೆ, ಹೆಂಡತಿಯರು ಒಂದು ಕಡೆ, ಮಧ್ಯೆ ಕಪ್ಪು ಕೋಟುಗಳ ಓಡಾಟ. ಮಕ್ಕಳನ್ನು ಒಳಗೆ ತರಬಾರದು ಎಂದು ಜವಾನ ಗದರಿಸಿದ. ಅಮ್ಮ ಮತ್ತು ತೃಷಾ ಜಗಲಿಯಲ್ಲೇ ಚೀಲದ ಪಕ್ಕ ಕೂತರು. ನೀಲಾವತಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಗೋಡೆಗೆ ಒರಗದೆ ನಿಂತಳು. ಒರಗಬಾರದು ಎಂದೂ ಭೋಜ ಕಲಿಸಿದ್ದ. ಎರಡು ಗಂಟೆ ನಿಂತಳು. ಎದುರಿನ ಸಾಲಿನಲ್ಲಿ ಜತ್ತಪ್ಪ ಬಿಳಿ ಶರ್ಟು ಹಾಕಿ ಆರಾಮಾಗಿ ಕೂತಿದ್ದ. ಅವನಿಗೆ ಕೂರಲು ಜಾಗ ಸಿಕ್ಕಿತ್ತು.

ಜವಾನ ಹೆಸರು ಕೂಗಿದ. ಅವಳು ಮುಂದೆ ಹೋದಳು. ತಲೆ ಬಗ್ಗಿತ್ತು, ಕೈ ಸೆರಗಿನೊಳಗಿತ್ತು. ಕಾಣುತ್ತಿದ್ದದ್ದು ಜಡ್ಜರ ಮೇಜಿನ ಕಾಲು ಮಾತ್ರ.

"ನೀಲಾವತಿ ಅಂದರೆ ನೀವೇನಾ?"

"ಹೌದು ಸ್ವಾಮಿ."

"ಇದು ನೀವು ಕೊಟ್ಟ ರಾಜಿ ಅರ್ಜಿಯಾ?"

"ಹೌದು ಸ್ವಾಮಿ."

"ನಿಮಗೆ ಓದಿ ಹೇಳಿದ್ದಾರಾ?"

"ಹೌದು ಸ್ವಾಮಿ."

"ಈ ಹೆಬ್ಬೆಟ್ಟು ನಿಮ್ಮದಾ?"

ಅವಳು ತಡೆದಳು. ಹೆಬ್ಬೆಟ್ಟು ಹಾಕಿಲ್ಲವಲ್ಲ ಇನ್ನೂ? ಕೊನೆಗೆ ಅಂದಿದ್ದನಲ್ಲ? ಹಿಂದಿನಿಂದ ಭೋಜ ಕೆಮ್ಮಿದ. ಪಕ್ಕದಲ್ಲಿ ವಕೀಲರು ಗಂಟಲಲ್ಲೇ "ಹೂಂ" ಎಂದರು.

"ಹೌದು ಸ್ವಾಮಿ."

ಜಡ್ಜರು ಹಾಳೆ ಮಗುಚಿದರು. "ಸರಿ. ಮಗಳು ತೃಷಾಳನ್ನು ಇವತ್ತಿನಿಂದಲೇ ತಂದೆಯ ವಶಕ್ಕೆ ಕೊಡುವುದಕ್ಕೆ, ಮುಂದೆ ಅವಳ ಮೇಲೆ ಯಾವ ಹಕ್ಕನ್ನೂ ಕೇಳದೆ ಇರುವುದಕ್ಕೆ, ನಿಮಗೆ ಪೂರ್ಣ ಒಪ್ಪಿಗೆ ಇದೆಯಾ?"

ಬಾಯಿ ತೆರೆದಿತ್ತು. ಮೂರು ದಿನದ ಅಭ್ಯಾಸ. ಅಲ್ಲ, ಮೂರು ತಲೆಮಾರಿನ ಅಭ್ಯಾಸ. ‘ಹೌ’ ಎಂಬಷ್ಟು ಹೊರಗೆ ಬಂದೂ ಬಿಟ್ಟಿತ್ತು. ಅಲ್ಲಿ ನಾಲಿಗೆ ನಿಂತಿತು. ಇವತ್ತಿನಿಂದಲೇ. ಹೊಸ ಫ್ರಾಕು. ಚೀಲ. 

"ಇಲ್ಲ" ಎಂದಳು.

ಆ ಮಾತು ಅವಳ ಬಾಯಿಂದ ಇಷ್ಟು ದೊಡ್ಡದಾಗಿ ಬಂದದ್ದು ಅದೇ ಮೊದಲು. ಬಗ್ಗಿದ ತಲೆ ತಾನಾಗಿ ಮೇಲೆ ಬಂತು. ಜಡ್ಜರ ಮುಖ ಕಂಡಿತು. ಕನ್ನಡಕ ಹಾಕಿದ, ಬೆಳಗಿನಿಂದ ಇಂಥದ್ದನ್ನೇ ಕೇಳಿ ಸುಸ್ತಾದ ಒಬ್ಬ ಮನುಷ್ಯ.

"ಇಲ್ಲ ಸ್ವಾಮಿ. ಮಗು ನನ್ನ ಹತ್ರ ಅಂತ ಹೇಳಿದ್ದು ನನಗೆ. ಕೊಡುದಿಲ್ಲ ನಾನು. ಕಾಗದ ತೋರಿಸಿ."

"ಏಯ್, ಹಿಂದೆ ನಿಲ್ಲು" ಎಂದು ಜವಾನ ಓಡಿಬಂದ. "ಇದು ಕೋರ್ಟು. ಮೀನು ಮಾರ್ಕೆಟ್ಟಲ್ಲ."

ವಕೀಲರು ಎದ್ದರು. "ಸ್ವಾಮಿ, ಕಕ್ಷಿದಾರಳು ಅವಿದ್ಯಾವಂತೆ. ಕೋರ್ಟು ನೋಡಿ ಗಾಬರಿಯಾಗಿದ್ದಾಳೆ. ಐದು ನಿಮಿಷ ಹೊರಗೆ ಕರೆದುಕೊಂಡು ಹೋಗಿ ಸಮಾಧಾನ ಮಾಡಿ ತರುತ್ತೇನೆ." ಮತ್ತೆ ಅವಳ ಕಡೆ ಬಾಗಿ, ಹಲ್ಲು ಕಚ್ಚಿ, "ಹೌದು ಅಂತ ಹೇಳು. ಮರ್ಯಾದೆ ಕಳೆಯಬೇಡ" ಎಂದರು.

"ಯಾರ ಮರ್ಯಾದೆ?" ಎಂದಳು ನೀಲಾವತಿ. ಹಿಂದಿನಿಂದ ನಗು ಕೇಳಿತು.

ಜಡ್ಜರು ಮೇಜು ತಟ್ಟಿದರು. "ಹೊರಗೆ ಎಲ್ಲಿಗೂ ಬೇಡ. ನೋಡಿ ಅಮ್ಮ, ಹೆಬ್ಬೆಟ್ಟು ನಿಮ್ಮದೇ ಎಂದು ಈಗಷ್ಟೇ ನೀವು ಹೇಳಿದಿರಿ. ಈಗ ಇಲ್ಲ ಎನ್ನುತ್ತೀರಿ. ಕಾಗದ ತೋರಿಸಿ ಅವರಿಗೆ."

ಕಾಗದ ಬಂತು. ಅಕ್ಷರ ಅವಳಿಗೆ ಓದಲು ಬರುವುದಿಲ್ಲ. ಕೆಳಗೆ ನೀಲಿ ಮಸಿಯಲ್ಲಿ ಒಂದು ಹೆಬ್ಬೆಟ್ಟು. ಅದನ್ನು ಓದಲು ಅವಳಿಗೆ ಶಾಲೆ ಬೇಕಾಗಿರಲಿಲ್ಲ. ಗೆರೆಗಳು ಉತ್ತ ಗದ್ದೆಯ ಸಾಲಿನ ಹಾಗೆ ಸ್ಪಷ್ಟವಾಗಿದ್ದವು.

ಅವಳು ಎರಡೂ ಕೈಗಳನ್ನು ಸೆರಗಿನಿಂದ ಹೊರಗೆ ತೆಗೆದಳು.

"ಇದು ನನ್ನದಲ್ಲ ಸ್ವಾಮಿ. ನನ್ನ ಬೆರಳಿಗೆ ಗೆರೆ ಇಲ್ಲ. ಗೇರುಬೀಜದ ಎಣ್ಣೆ ತಿಂದು ಹೋಗಿದೆ. ಫ್ಯಾಕ್ಟರಿಯ ಪಿ.ಎಫ್. ಫಾರಮ್ಮು ಮೂರು ಸಲ ವಾಪಸು ಬಂತು, ಹೆಬ್ಬೆಟ್ಟು ಬೀಳುದಿಲ್ಲ ಅಂತ. ಮಸಿ ತನ್ನಿ. ಒತ್ತಿ ತೋರಿಸ್ತೇನೆ."

ಮಸಿಯ ಪ್ಯಾಡು ತಂದರು. ಬಿಳಿ ಹಾಳೆಯ ಮೇಲೆ ಬಲಗೈಯ ಹೆಬ್ಬೆರಳು ಒತ್ತಿದಳು, ಎಡಗೈಯದ್ದೂ ಒತ್ತಿದಳು. ಬಿದ್ದದ್ದು ಎರಡು ನೀಲಿ ಕಲೆ. ಗೆರೆಯಿಲ್ಲ, ಸುರುಳಿಯಿಲ್ಲ. ಜಡ್ಜರು ಎರಡು ಹಾಳೆಗಳನ್ನೂ ಹತ್ತಿರ ಹಿಡಿದು ನೋಡಿದರು. ನಗುತ್ತಿದ್ದವರ ಬಾಯಿ ಮುಚ್ಚಿತು.

ಭೋಜ ಹದಿನೆಂಟು ವರ್ಷ ತಂಗಿಯ ಕೈಯಲ್ಲಿ ಉಂಡಿದ್ದ. ಅಸಹ್ಯ ಎಂದು ಮುಚ್ಚಿಸಿದ್ದನೇ ಹೊರತು ಆ ಕೈಯನ್ನು ಒಂದು ದಿನ ಹಿಡಿದು ನೋಡಿದವನಲ್ಲ. ನೋಡಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ.

"ಹಾಗಾದರೆ ನಾನು ಕೇಳಿದಾಗ ಹೌದು ಎಂದು ಯಾಕೆ ಹೇಳಿದಿರಿ?" ಜಡ್ಜರ ದನಿ ಗಡುಸಾಗಿತ್ತು. "ಕೋರ್ಟಿನಲ್ಲಿ ಸುಳ್ಳು ಹೇಳಬಾರದು ಎಂದು ಗೊತ್ತಿಲ್ಲವಾ?"

"ಹೇಳ್ಬೇಕು ಅಂತ ಕಲಿಸಿದ್ರು, ಹೇಳಿದೆ. ಚಪ್ಪಲಿ ಬಿಡು ಅಂದ್ರು, ಬಿಟ್ಟೆ. ತಲೆ ಬಗ್ಗಿಸು ಅಂದ್ರು, ಬಗ್ಗಿಸಿದೆ. ಸುಳ್ಳು ಹೇಳ್ಬಾರ್ದು ಅಂತ ಯಾರೂ ಕಲಿಸ್ಲಿಲ್ಲ ಸ್ವಾಮಿ. ನನ್ನ ಅಪ್ಪ ಧನಿಗಳ ಎದುರು ಸಾಯುವವರೆಗೆ ಹೌದು ಹೌದು ಅಂತ ಹೇಳಿಯೇ ಸತ್ತದ್ದು. ನಮಗೆ ದೊಡ್ಡವರ ಎದುರು ಬರುದು ಅದೊಂದೇ ಮಾತು."

ಜಡ್ಜರು ಪೆನ್ನು ಕೆಳಗಿಟ್ಟರು. ಆಮೇಲೆ ಕಾಗದವನ್ನು ಮತ್ತೆ ಅವಳ ಕಡೆ ಸರಿಸಿದರು. "ಇದು ಯಾರದ್ದೆಂದು ನಿಮ್ಮಿಂದ ಹೇಳಲಿಕ್ಕೆ ಆಗುತ್ತದಾ?"

ಅವಳು ಬಗ್ಗಿ ನೋಡಿದಳು. ಗೆರೆಗಳ ನಡುವೆ ಓರೆಯಾಗಿ ಒಂದು ಬಿಳಿ ಬರೆ. ಗಾಯದ ಕಲೆ ಮಸಿ ಹಿಡಿದಿರಲಿಲ್ಲ. ನೀಲಾವತಿಗೆ ಆರು ವರ್ಷವಿರುವಾಗ ಅಮ್ಮ ಮೆಟ್ಟುಕತ್ತಿಯಲ್ಲಿ ಬಂಗುಡೆ ಮೀನು ಕೊಯ್ಯುತ್ತ ಹೆಬ್ಬೆರಳನ್ನೇ ಕೊಯ್ದುಕೊಂಡಿದ್ದಳು. ಸೀಳಿದ ಬೆರಳಿಗೆ ಬಟ್ಟೆ ಸುತ್ತಿ, ಅದೇ ಕೈಯಲ್ಲಿ ಅನ್ನ ಕಲಸಿ, ಮೊದಲ ತುತ್ತನ್ನು ನೀಲಾವತಿಯ ಬಾಯಿಗೆ ಇಟ್ಟಿದ್ದಳು.

ಬೇಲಿಯೇ ಎದ್ದು ಹೊಲ ಮೇಯಿತು ಎನ್ನುತ್ತಾರೆ. ಬೇಲಿಗೆ ಕರುಳಿಲ್ಲ, ಮೇಯಲಿ. ಇವಳು ಹೆತ್ತವಳು.

"ನೀಲಾ" ಎಂದು ಹಿಂದಿನಿಂದ ಭೋಜ ಪಿಸುಗುಟ್ಟಿದ. "ಹೇಳ್ಬೇಡ. ಅಮ್ಮನನ್ನು ಪೊಲೀಸರು ಕೊಂಡು ಹೋಗ್ತಾರೆ."

 ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಅಮ್ಮ ಮನೆಗೆ, ತಾನು ಮನೆಗೆ, ಮತ್ತೊಂದು ಬುಧವಾರ ಮತ್ತೊಂದು ಕಾಗದ. ಇನ್ನೊಂದು ಸಲ ಇವರು ಹೆಬ್ಬೆಟ್ಟನ್ನು ಸರಿಯಾಗಿ ಹುಡುಕುತ್ತಾರೆ.

"ನನ್ನ ಅಮ್ಮನದ್ದು ಸ್ವಾಮಿ. ಜಗಲಿಯಲ್ಲಿ ಕೂತಿದ್ದಾರೆ. ಹಾಕಿಸಿದ್ದು ಅಣ್ಣ. ನನ್ನ ಹಿಂದೆ ನಿಂತಿದ್ದಾನಲ್ಲ, ಇವನೇ."

ಅಮ್ಮನನ್ನು ಕರೆಸಿದರು. ಅಮ್ಮ ಚಪ್ಪಲಿ ಬಿಟ್ಟು ಬಂದು, ಕೈ ಮುಗಿದು, ತಲೆ ತಗ್ಗಿಸಿ ನಿಂತಳು. ಈ ಹೆಬ್ಬೆಟ್ಟು ನಿಮ್ಮದಾ? ಹೌದು ಸ್ವಾಮಿ. ಮಗಳಿಗೆ ತಿಳಿಯದೆ ಹಾಕಿದಿರಾ? ಹೌದು ಸ್ವಾಮಿ. ಇದು ಅಪರಾಧ ಎಂದು ಗೊತ್ತಾ? ಹೌದು ಸ್ವಾಮಿ. ನೀಲಾವತಿಗೆ ಆ ಕ್ಷಣ ಅಮ್ಮನನ್ನು ನೋಡಿ ಅಯ್ಯೋ ಎನಿಸಿತು. ಓಡಿಹೋಗಿ ಆ ಮುಗಿದ ಕೈಗಳನ್ನು ಬಿಡಿಸಬೇಕು ಎನಿಸಿತು.

"ಹಾಕಲು ಹೇಳಿದ್ದು ನಿಮ್ಮ ಮಗನಾ?"

ಅಮ್ಮ ತಲೆ ಎತ್ತಿದಳು. ಭೋಜನ ಕಡೆ ನೋಡಿದಳು.

"ಅಲ್ಲ ಸ್ವಾಮಿ. ಅವನಿಗೆ ಇದೆಲ್ಲ ಗೊತ್ತೇ ಇಲ್ಲ. ನಾನೇ ಮಾಡಿದ್ದು."

ನೀಲಾವತಿಯ ಅಯ್ಯೋ ಅಲ್ಲೇ ಸತ್ತಿತು. ‘ಅಲ್ಲ’ ಎನ್ನಲು ಅಮ್ಮನಿಗೆ ಬರುತ್ತಿತ್ತು. ಮಗನಿಗೋಸ್ಕರ ಬಂತು. ಮಗಳಿಗೋಸ್ಕರ, ಮೂರು ದಿನ ಎದುರಿಗೇ ಇದ್ದರೂ, ಬಂದಿರಲಿಲ್ಲ.

ಜಡ್ಜರು ರಾಜಿ ಅರ್ಜಿಯನ್ನು ತಳ್ಳಿಹಾಕಿದರು. ಇದು ಹೇಗಾಯಿತು ಎಂದು ವಕೀಲರು ಬರವಣಿಗೆಯಲ್ಲಿ ಹೇಳಬೇಕು, ಸುಳ್ಳು ಹೆಬ್ಬೆಟ್ಟಿನ ವಿಚಾರಣೆ ಬೇರೆ ನಡೆಯಬೇಕು, ಭೋಜ ಮತ್ತು ಅಮ್ಮ ಕರೆದಾಗ ಹಾಜರಾಗಬೇಕು. ಕೇಸು ಮುಗಿಯುವವರೆಗೆ ಮಗು ತಾಯಿಯ ಹತ್ತಿರವೇ. ನೀಲಾವತಿಗೆ ಸರಕಾರದಿಂದ ಬೇರೆ ವಕೀಲರನ್ನು ಕೊಡಬೇಕು. ಇಷ್ಟನ್ನು ಬರೆಸಿ, ಮುಂದಿನ ತಾರೀಕು ಹೇಳಿ, ಮುಂದಿನ ಕೇಸು ಎಂದರು. ಜವಾನ ಬೇರೆ ಯಾರದೋ ಹೆಸರು ಕೂಗಿದ.

ಜಗಲಿಯಲ್ಲಿ ಜತ್ತಪ್ಪ ಕಾದು ನಿಂತಿದ್ದ. ನೀಲಾವತಿಯ ಕಡೆ ಅವನು ತಿರುಗಿಯೂ ನೋಡಲಿಲ್ಲ. ಭೋಜನ ಎದೆಗೆ ಬೆರಳಿಟ್ಟ. "ನಿನ್ನ ವೀಸಾ ಇನ್ನು ಮರೆತುಬಿಡು. ಒಂದು ಕೆಲಸ ಹೇಳಿದ್ರೆ ಮಾಡ್ಲಿಕ್ಕೆ ಆಗುದಿಲ್ಲ ನಿನಗೆ." ಹಾಗೆಂದು ಮೆಟ್ಟಿಲಿಳಿದು ಹೋದ.

ಅಲ್ಲಿಗೆ ಎಲ್ಲ ತಿಳಿಯಿತು. ಭೋಜ ಪಾಸ್‌ಪೋರ್ಟು ಮಾಡಿಸಿದ್ದು, ಮಂಗಳೂರಿಗೆ ಹೋಗಿ ಮೆಡಿಕಲ್ ಮಾಡಿಸಿದ್ದು, ಯಾರೋ ಏಜೆಂಟ್ ಮಸ್ಕತ್ತಿನಲ್ಲಿ ಡ್ರೈವರ್ ಕೆಲಸ ಕೊಡಿಸುತ್ತಾನೆ ಎಂದದ್ದು. ಅವತ್ತು ನೀಲಾವತಿ ಸಂತೋಷದಿಂದ ಪಾಯಸ ಮಾಡಿದ್ದಳು.

ಭೋಜ ಅವಳ ಮೇಲೆ ಎಗರಿದ. "ಒಂದು ಹೆಣ್ಣು ಮಗುವಿಗೋಸ್ಕರ ನನ್ನ ಜೀವನ ಹಾಳು ಮಾಡಿದೆಯಲ್ಲ! ಅಪ್ಪನ ಮನೆಗೇ ಹೋಗುದಲ್ವಾ ಅದು? ಯಾರದ್ದೋ ಮನೆಗಾ?"

"ನನ್ನ ಮಗುವನ್ನು ಕೊಟ್ಟು ನೀನು ವಿಮಾನ ಹತ್ತುದಾ?" ಎಂದಳು ನೀಲಾವತಿ. "ನಾನು ಹೆತ್ತದ್ದು ಮಗುವನ್ನು ಅಣ್ಣ. ನಿನ್ನ ಟಿಕೇಟನ್ನಲ್ಲ. ಇನ್ನು ನನ್ನನ್ನು ತಂಗಿ ಅಂತ ಕರೆಯಬೇಡ."

ಅವನು ಕೈ ಎತ್ತಿದ. ಸುತ್ತ ಜನ ನೋಡುತ್ತಿದ್ದರು. ಎತ್ತಿದ ಕೈಯಿಂದ ತಲೆ ತುರಿಸಿಕೊಂಡು ವಕೀಲರನ್ನು ಹುಡುಕುತ್ತ ಹೋದ.

ಅಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು. ತೃಷಾ ಅಜ್ಜಿಯ ಸೆರಗಿನಲ್ಲಿ ಅಜ್ಜಿಯ ಕಣ್ಣು ಒರೆಸುತ್ತಿದ್ದಳು.

"ಅಲ್ಲಿ ಮಗು ಹೊಟ್ಟೆ ತುಂಬ ಉಣ್ತಿತ್ತು" ಎಂದಳು ಅಮ್ಮ. "ಇವನಿಗೂ ಒಂದು ದಾರಿ ಆಗ್ತಿತ್ತು. ನೀನು ನಾಲ್ಕು ದಿನ ಅಳ್ತಿದ್ದೆ, ಮತ್ತೆ ಸರಿಯಾಗ್ತಿದ್ದೆ. ನಾನು ಕೂಡ ಎರಡು ಮಕ್ಕಳನ್ನು ಮಣ್ಣು ಮಾಡಿ ಸರಿಯಾದವಳೇ."

"ನನಗೆ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ನಿಮಗೆ?"

"ಹೇಳಿದ್ರೆ ನೀನು ಒಪ್ತಿರ್ಲಿಲ್ಲ."

"ಅದಕ್ಕೇ ಕೇಳ್ಬೇಕಿತ್ತು ಅಮ್ಮ."

 ನೀಲಾವತಿ ಚೀಲ ಎತ್ತಿದಳು. ಭಾರವಿತ್ತು. ತೃಷಾಳ ನಾಲ್ಕೂ ಫ್ರಾಕು, ಶಾಲೆಯ ಯೂನಿಫಾರಂ, ಪುಸ್ತಕ, ಹೊದಿಕೆ. ಮನೆಯಲ್ಲಿ ಮಗುವಿನದು ಎಂದು ಒಂದು ರಿಬ್ಬನ್ನೂ ಉಳಿಸದ ಹಾಗೆ ಅಮ್ಮ ಒಪ್ಪವಾಗಿ ಮಡಚಿ ತುಂಬಿಸಿದ್ದಳು. ಚೀಲ ಹೆಗಲಿಗೆ ಹಾಕಿ, ಮಗಳ ಕೈ ಹಿಡಿದು, ನೀಲಾವತಿ ಬಸ್ಸು ನಿಲ್ಲುವಲ್ಲಿಗೆ ನಡೆದಳು. ಹಿಂದಿನಿಂದ ಅಮ್ಮ ಎರಡು ಸಲ ಹೆಸರು ಹಿಡಿದು ಕರೆದಳು. ಅವಳು ನಿಲ್ಲಲಿಲ್ಲ.

"ಮನೆಗಾ ಅಮ್ಮ?" ಎಂದಳು ತೃಷಾ.

"ಅಲ್ಲ. ರುಖಿಯಮ್ಮನ ಮನೆಗೆ. ಅವರ ಹಿತ್ತಿಲ ಕೋಣೆ ಖಾಲಿ ಉಂಟು."

ಮುಖ ತಿರುಗಿಸಿದ್ದನ್ನು ರುಖಿಯಮ್ಮ ಮರೆತಿರುತ್ತಾಳೋ ಇಲ್ಲವೋ, ಬೈದರೆ ಬೈಸಿಕೊಳ್ಳುವುದು ಎಂದುಕೊಂಡಳು. ಮಧ್ಯಾಹ್ನದ ಬಿಸಿಲು ರಸ್ತೆಯ ಡಾಮರನ್ನು ಸುಡುತ್ತಿತ್ತು. ಬಸ್ಸು ಬರಲಿಲ್ಲ. ತೃಷಾ ಹೊಸ ಫ್ರಾಕಿನ ಗುಂಡಿ ತಿರುಗಿಸುತ್ತ ನಿಂತಿದ್ದಳು. ಅವಳನ್ನು ನೋಡನೋಡುತ್ತಿದ್ದ ಹಾಗೆ ನೀಲಾವತಿಗೆ ಒಂದು ವಿಷಯ ಹೊಳೆಯಿತು. ಗಂಡ ಕೇಳಲಿಲ್ಲ, ಅಣ್ಣ ಕೇಳಲಿಲ್ಲ, ಅಮ್ಮ ಕೇಳಲಿಲ್ಲ ಎಂದು ಕೂಗಾಡಿದವಳು ತಾನು. ತಾನಾದರೂ ಕೇಳಿದ್ದೇನಾ?

ಕೇಳಲು ಹೆದರಿಕೆಯಾಯಿತು. ಅಲ್ಲಿ ಟೆರೇಸಿನ ಮನೆ, ಟಿ.ವಿ., ಅಂಗಳದಲ್ಲಿ ಉಯ್ಯಾಲೆ. ರಜೆಯಲ್ಲಿ ಇರಬೇಕಾದ ಮನೆ ನೋಡಲಿ ಎಂದು ಭೋಜ ಮಗುವನ್ನು ಒಮ್ಮೆ ಕರೆದುಕೊಂಡು ಹೋಗಿ ಎಲ್ಲ ತೋರಿಸಿ ತಂದಿದ್ದ. ಇಲ್ಲಿ ಕಪ್ಪು ಕೈ, ಅದೂ ಇನ್ನು ಬೇರೆಯವರ ಹಿತ್ತಿಲ ಕೋಣೆಯಲ್ಲಿ. ಆದರೂ ಅವಳು ಚೀಲ ಕೆಳಗಿಟ್ಟು ಮಗಳ ಎದುರು ಕುಕ್ಕರುಗಾಲಲ್ಲಿ ಕೂತಳು.

"ತೃಷಾ, ನಿನ್ನನ್ನು ಯಾರೂ ಕೇಳ್ಲಿಲ್ಲ. ನಾನು ಕೇಳ್ತೇನೆ. ನಿನಗೆ ಯಾರೊಟ್ಟಿಗೆ ಇರ್ಬೇಕು? ಹೆದರ್ಬೇಡ. ಇದ್ದದ್ದು ಹೇಳು."

ಮಗು ಗುಂಡಿ ತಿರುಗಿಸಿತು. ಒಂದು ಲಾರಿ ಹೋಯಿತು, ಒಂದು ಜೀಪು ಹೋಯಿತು.  ಕೋರ್ಟಿನಲ್ಲಿ ಕೂಡ ನೀಲಾವತಿಗೆ ಇಷ್ಟು ಹೆದರಿಕೆಯಾಗಿರಲಿಲ್ಲ.

"ನಿನ್ನೊಟ್ಟಿಗೆ" ಎಂದಿತು ಮಗು. ಮತ್ತೆ ರಸ್ತೆಯ ಆಚೆ, ಕೋರ್ಟಿನ ಮೆಟ್ಟಿಲ ಕಡೆ ನೋಡಿತು. "ಅಜ್ಜಿಯೂ ಬೇಕು."

ನೀಲಾವತಿಗೆ ಬೈಯಬೇಕೆನಿಸಿತು. ಅಜ್ಜಿ ಏನು ಮಾಡಿದಳು ಗೊತ್ತಾ ಎಂದು ಚೀಲ ಬಿಚ್ಚಿ ತೋರಿಸಬೇಕೆನಿಸಿತು. ಆದರೆ ಕೇಳಿದವಳು ತಾನು. ಕೇಳಿದ ಮೇಲೆ ಉತ್ತರ ಬೇಡ ಎನ್ನುವ ಹಾಗಿಲ್ಲ.

ಅವಳು ಎದ್ದು ಚೀಲ ಹೆಗಲಿಗೇರಿಸಿದಳು.

"ನಿನ್ನನ್ನು ನೋಡ್ಲಿಕ್ಕೆ ಅಜ್ಜಿ ಬರ್ಲಿ" ಎಂದಳು. "ನನ್ನನ್ನು ನೋಡ್ಲಿಕ್ಕೆ ಬೇಡ."